ಮಗುವಿನ ಆತಂಕಕ್ಕೆ ಥೆರಪಿ: ಅಪ್ಪ ಅಮ್ಮ ಮಾಡಬೇಕಾದ ಕೆಲಸ ಯಾವುದು, ಹೇಗೆ?

ಮಗುವಿಗೆ ಆತಂಕದ ತೊಂದರೆ ಇದೆ ಎಂದು ಗೊತ್ತಾದ ಮೇಲೆ ಬಹಳಷ್ಟು ಮನೆಗಳಲ್ಲಿ ನಡೆಯುವುದು ಇಷ್ಟೇ. ವಾರಕ್ಕೊಮ್ಮೆ ಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಮಗು ಒಳಗೆ, ಅಪ್ಪನೋ ಅಮ್ಮನೋ ಹೊರಗಿನ ಬೆಂಚಿನ ಮೇಲೆ. ಮುಕ್ಕಾಲು ಗಂಟೆ ಕಳೆದು ಬಾಗಿಲು ತೆರೆದಾಗ ‘ಹೇಗಿತ್ತು?’ ಎಂದು ಕೇಳುತ್ತಾರೆ, ‘ಚೆನ್ನಾಗಿತ್ತು’ ಎಂದು ಮಗು ಹೇಳುತ್ತದೆ. ಎರಡು ತಿಂಗಳು ಹೀಗೇ ಓಡಾಡಿದರೂ ಮನೆಯಲ್ಲಿ ಏನೂ ಬದಲಾಗಿರುವುದಿಲ್ಲ. ಬಚ್ಚಲಿಗೆ ಹೋಗಲು ಈಗಲೂ ಅಮ್ಮ ಬಾಗಿಲಲ್ಲಿ ನಿಲ್ಲಬೇಕು, ಸೋಮವಾರ ಬೆಳಿಗ್ಗೆ ಹೊಟ್ಟೆನೋವು ತಪ್ಪಿಲ್ಲ. ‘ಥೆರಪಿಯಿಂದ ಏನೂ ಉಪಯೋಗವಾಗಲಿಲ್ಲ’ ಎಂದು ನಿಲ್ಲಿಸಿಬಿಡುತ್ತಾರೆ.

ಆ ಮುಕ್ಕಾಲು ಗಂಟೆಯಲ್ಲಿ ಮಗು ಕಲಿಯುವುದು ಭಯವನ್ನು ಎದುರಿಸುವ ಬಗೆಯನ್ನು. ಅದನ್ನು ನಿಜಕ್ಕೂ ಎದುರಿಸಬೇಕಾದ ಜಾಗ ಮನೆ, ಶಾಲೆಯ ಗೇಟು, ನೆಂಟರ ಮದುವೆ. ಅಲ್ಲೆಲ್ಲ ಜೊತೆಗಿರುವವರು ನೀವು. ಆದ್ದರಿಂದಲೇ ಚಿಕಿತ್ಸೆಯ ಅರ್ಧ ಭಾರ ನಿಮ್ಮದು. ಆತಂಕ ನಿಮ್ಮಿಂದ ಬಂತು ಎಂದು ಇದರ ಅರ್ಥವಲ್ಲ. ಕೆಲವು ಮಕ್ಕಳು ಹುಟ್ಟಿನಿಂದಲೇ ಬೇಗ ಬೆದರುವ ಸ್ವಭಾವದವರು, ಮನೆತನದಲ್ಲೂ ಅದು ಹರಿದು ಬರುತ್ತದೆ. ಆದರೆ ಬಂದ ಭಯ ನಿಲ್ಲುತ್ತದೋ ಇಳಿಯುತ್ತದೋ ಎಂಬುದರಲ್ಲಿ ದೊಡ್ಡವರ ನಡವಳಿಕೆಯ ಪಾಲು ದೊಡ್ಡದು.

ಇದಕ್ಕೆ ಗಟ್ಟಿ ಆಧಾರವಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚೈಲ್ಡ್ ಸ್ಟಡಿ ಸೆಂಟರ್‌ನಲ್ಲಿ ಎಲೈ ಲೆಬೊವಿಟ್ಜ್ ಮತ್ತು ಅವರ ತಂಡ 7ರಿಂದ 14 ವರ್ಷದ 124 ಮಕ್ಕಳನ್ನು ಎರಡು ಗುಂಪು ಮಾಡಿ ನೋಡಿತು. ಒಂದು ಗುಂಪಿನ ಮಕ್ಕಳಿಗೆ 12 ವಾರ ನೇರವಾಗಿ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ತಿದ್ದಿ ಭಯ ಎದುರಿಸಲು ಕಲಿಸುವ ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಕೊಟ್ಟರು. ಇನ್ನೊಂದರಲ್ಲಿ ಮಕ್ಕಳಿಗೆ ಥೆರಪಿಯನ್ನೇ ಕೊಡದೆ, 12 ವಾರವೂ ಅಪ್ಪ ಅಮ್ಮಂದಿರಿಗಷ್ಟೇ ತರಬೇತಿ ಕೊಟ್ಟರು. ಈ ವಿಧಾನದ ಹೆಸರು ‘ಸ್ಪೇಸ್’. 2020ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎರಡನೆಯ ಗುಂಪಿನ ಮಕ್ಕಳ ಸುಧಾರಣೆ ಮೊದಲನೆಯದಕ್ಕಿಂತ ಕಡಿಮೆಯಿರಲಿಲ್ಲ. ಹಾಗೆಂದು ಅಪ್ಪ ಅಮ್ಮನನ್ನು ಥೆರಪಿ ಕೋಣೆಯಲ್ಲಿ ಸುಮ್ಮನೆ ಕೂರಿಸಿದರೆ ಲಾಭವಿಲ್ಲ. ಪೋಷಕರನ್ನು ಸೇರಿಸಿಕೊಂಡ ಚಿಕಿತ್ಸೆಗಳ ಫಲಿತಾಂಶ ಎಲ್ಲ ಅಧ್ಯಯನಗಳಲ್ಲೂ ಒಂದೇ ಥರ ಬಂದಿಲ್ಲ. ಅವರು ಮನೆಗೆ ಹೋಗಿ ಏನು ಬದಲಿಸಿದರು ಎಂಬುದೇ ಮುಖ್ಯ.

ಎಲ್ಲಕ್ಕಿಂತ ಮೊದಲು: ಭಯಕ್ಕೆ ನಿಜವಾದ ಕಾರಣವಿದೆಯೇ?

ಮುಂದೆ ಹೇಳುವ ಎಲ್ಲವೂ ಒಂದು ಷರತ್ತಿನ ಮೇಲೆ ನಿಂತಿದೆ: ಮಗು ಹೆದರುತ್ತಿರುವ ವಿಷಯದಲ್ಲಿ ನಿಜವಾದ ಅಪಾಯ ಇರಬಾರದು. ಶಾಲೆಯಲ್ಲಿ ಹೊಡೆಯುವ ಮೇಷ್ಟ್ರಿದ್ದರೆ, ವ್ಯಾನಿನಲ್ಲಿ ದೊಡ್ಡ ಹುಡುಗರು ಕಾಡುತ್ತಿದ್ದರೆ, ಯಾರಾದರೂ ಮೈ ಮುಟ್ಟುತ್ತಿದ್ದರೆ, ‘ಧೈರ್ಯ ಮಾಡಿ ಹೋಗು’ ಅನ್ನುವುದು ಮಗುವಿಗೆ ಮಾಡುವ ಅನ್ಯಾಯ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಲೈಂಗಿಕ ದೌರ್ಜನ್ಯದ ಸಂಶಯ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಇದ್ದಕ್ಕಿದ್ದಂತೆ ಶುರುವಾದ ಭಯ, ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಅಥವಾ ಒಂದು ಜಾಗವನ್ನು ಮಾತ್ರ ತಪ್ಪಿಸುವುದು, ಮೈಮೇಲೆ ಗಾಯದ ಗುರುತು, ಇವು ಕಂಡರೆ ಮೊದಲು ವಿಚಾರಿಸಿ. ವಿಚಾರಿಸುವಾಗ ‘ಯಾರು ಏನು ಮಾಡಿದ್ರು ಹೇಳು’ ಎಂದು ಒತ್ತಾಯಿಸಬೇಡಿ. ‘ವ್ಯಾನಲ್ಲಿ ಎಲ್ಲಿ ಕೂತ್ಕೋತೀಯ? ಪಕ್ಕದಲ್ಲಿ ಯಾರು ಇರ್ತಾರೆ?’ ಎಂಬಂಥ ಸಣ್ಣ ಪ್ರಶ್ನೆಗಳಿಂದ ಹೆಚ್ಚು ಗೊತ್ತಾಗುತ್ತದೆ.

ಹಾಗೆಯೇ, ಪದೇ ಪದೇ ಹೊಟ್ಟೆನೋವು, ಎದೆ ಡವಡವ, ಉಸಿರಾಟದ ತೊಂದರೆ ಇದ್ದರೆ ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಿ. ರಕ್ತಹೀನತೆ, ಥೈರಾಯ್ಡ್, ಅಸ್ತಮಾದಂಥ ತೊಂದರೆ ಇಲ್ಲವೆಂದು ವೈದ್ಯರು ಖಾತ್ರಿಪಡಿಸಿದರೆ ಸಾಕು. ಅಲ್ಲಿಂದಾಚೆ ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸಬೇಡಿ. ತನಗೇನೋ ದೊಡ್ಡ ಕಾಯಿಲೆ ಇದೆ ಎಂಬ ನಂಬಿಕೆಯನ್ನು ಪ್ರತಿ ಪರೀಕ್ಷೆಯೂ ಮಗುವಿನಲ್ಲಿ ಬಲಪಡಿಸುತ್ತದೆ. ಓದು ಬರಹದಲ್ಲಿ ಕಲಿಕೆಯ ತೊಂದರೆ ಇರುವ ಮಕ್ಕಳೂ ಶಾಲೆಗೆ ಹೆದರುತ್ತಾರೆ. ಅವರಿಗೆ ಬೇಕಾದ ಸಹಾಯವೇ ಬೇರೆ.

ಯಾರ ಹತ್ತಿರ ಹೋಗುವುದು?

ನೀವು ಹೋಗುವ ಥೆರಪಿಸ್ಟ್ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಸಂಖ್ಯೆ ಇದೆಯೇ ಎಂದು ಕೇಳಿ. ಹಾಗೆ ಕೇಳುವುದು ಮರ್ಯಾದೆಗೇಡಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹರೆಯದವರಿಗಾಗಿಯೇ ಪ್ರತ್ಯೇಕ ಮನೋವೈದ್ಯಕೀಯ ವಿಭಾಗವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಜಿಲ್ಲಾಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇರುತ್ತದೆ. ಎಲ್ಲಿಂದ ಶುರು ಮಾಡುವುದೆಂದೇ ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಹಗಲೂ ರಾತ್ರಿ ಸಿಗುವ ಉಚಿತ ಸೇವೆ, ಕನ್ನಡದಲ್ಲೇ ಮಾತಾಡಬಹುದು.

ಮೊದಲ ಭೇಟಿಗೆ ಇಬ್ಬರೂ ಹೋಗಿ. ‘ಅವರಿಗೆ ರಜೆ ಸಿಗಲ್ಲ’ ಎಂದು ಅಮ್ಮ ಒಬ್ಬಳೇ ಹೋದರೆ, ಮುಂದೆ ಯೋಜನೆ ಜಾರಿಗೆ ಬರುವಾಗ ಅಪ್ಪನಿಗೆ ಅದರ ಕಾರಣವೇ ಗೊತ್ತಿರುವುದಿಲ್ಲ. ಮಗು ಹತ್ತು ನಿಮಿಷ ಅತ್ತರೆ ಮೊದಲು ಸೋಲುವವರು ಅವರೇ. ಆ ಭೇಟಿಯಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಪಡೆದುಕೊಳ್ಳಿ: ಒಟ್ಟು ಎಷ್ಟು ಸೆಷನ್ ಆಗಬಹುದು? ಅದರಲ್ಲಿ ನಮಗೆಷ್ಟು? ಪ್ರತಿ ವಾರ ಮನೆಯಲ್ಲಿ ನಾವು ಮಾಡಬೇಕಾದ್ದನ್ನು ಯಾರು ಹೇಳುತ್ತಾರೆ? ಶಾಲೆಯವರ ಜೊತೆ ಮಾತಾಡುತ್ತೀರಾ? ಮಗು ಹೇಳಿದ್ದರಲ್ಲಿ ಯಾವುದನ್ನು ನಮಗೆ ತಿಳಿಸುತ್ತೀರಿ, ಯಾವುದನ್ನು ಇಲ್ಲ?

ಸಿಬಿಟಿ ಸಾಮಾನ್ಯವಾಗಿ 12ರಿಂದ 16 ವಾರ ನಡೆಯುತ್ತದೆ. ಟೆಂಪಲ್ ವಿಶ್ವವಿದ್ಯಾಲಯದ ಫಿಲಿಪ್ ಕೆಂಡಾಲ್ ರೂಪಿಸಿದ ಹೆಸರಾಂತ 16 ಸೆಷನ್‌ಗಳ ಕ್ರಮದಲ್ಲಿ ಕೂಡ ಪೋಷಕರಿಗೆಂದೇ ಮೀಸಲಾದ ಸೆಷನ್ ಎರಡೇ. ಹಾಗಾಗಿ ಕೇಳಿ ಪಡೆಯಬೇಕು. ಪ್ರತಿ ಸೆಷನ್‌ನ ಕೊನೆಯ ಹತ್ತು ನಿಮಿಷ ನಿಮಗೂ ಮಗುವಿಗೂ ಒಟ್ಟಿಗೆ ಕೊಡುವಂತೆ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಹದಿಮೂರು ಹದಿನಾಲ್ಕು ದಾಟಿದ ಮಕ್ಕಳಾದರೆ ಈ ಹತ್ತು ನಿಮಿಷದಲ್ಲಿ ಏನು ಮಾತಾಡುತ್ತೇವೆ ಎಂಬುದು ಅವರಿಗೆ ಮುಂಚೆಯೇ ಗೊತ್ತಿರಬೇಕು. ತಮ್ಮ ಬೆನ್ನ ಹಿಂದೆ ಮಾತು ನಡೆದಿದೆ ಎನ್ನಿಸಿದರೆ ಮುಂದಿನ ವಾರ ಬಾಯಿ ಬಿಡುವುದಿಲ್ಲ.

ಹಂತ 1: ಒಂದು ವಾರದ ನೋಟ್‌ಬುಕ್

ಏನನ್ನೂ ಬದಲಿಸದೆ ಏಳು ದಿನ ಬರೆದಿಡಿ. ಮಗು ಏನು ಮಾಡಿತು ಎಂಬುದನ್ನು ಎಲ್ಲರೂ ಬರೆಯುತ್ತಾರೆ. ನಮಗೆ ಅದಕ್ಕಿಂತ ಬೇಕಾಗಿರುವುದು ‘ಆಗ ನಾನೇನು ಮಾಡಿದೆ’ ಎಂಬುದು. ಎಂಟು ವರ್ಷದ ಒಬ್ಬ ಹುಡುಗಿಯ ಅಮ್ಮ ಬರೆಯಬಹುದಾದ ಒಂದು ದಾಖಲೆ ಹೀಗಿರುತ್ತದೆ:

‘ಮಂಗಳವಾರ ರಾತ್ರಿ 8:40. ಬಚ್ಚಲಿಗೆ ಹೋಗಬೇಕಿತ್ತು, “ಅಮ್ಮಾ ಬಾ” ಅಂದಳು. ಒಲೆ ಆರಿಸಿ ಹೋದೆ. ಬಾಗಿಲಲ್ಲಿ 6 ನಿಮಿಷ ನಿಂತೆ. “ಇದೀಯಾ?” ಅಂತ ನಾಲ್ಕು ಸಲ ಕೇಳಿದಳು, ನಾಲ್ಕು ಸಲವೂ “ಇದೀನಿ ಕಂದಾ” ಅಂದೆ. ಬರುವಾಗ ಹಜಾರದ ಲೈಟ್ ಹಾಕಿಟ್ಟೆ.’

ಇಷ್ಟು ಸಾಕು. ವಾರದ ಕೊನೆಗೆ ಇಂಥವು ಮೂವತ್ತೋ ನಲವತ್ತೋ ಸಿಗುತ್ತವೆ. ಜೊತೆಗೆ ಮಲಗುವುದು, ಶಾಲೆಯಿಂದ ಫೋನ್ ಬಂದ ಕೂಡಲೇ ಹೋಗಿ ಕರೆತರುವುದು, ಅಂಗಡಿಯಲ್ಲಿ ಮಗುವಿನ ಪರವಾಗಿ ನಾವೇ ಕೇಳುವುದು, ನೆಂಟರು ಮಾತಾಡಿಸಿದಾಗ ‘ಅವನಿಗೆ ನಾಚಿಕೆ’ ಎಂದು ನಾವೇ ಉತ್ತರಿಸುವುದು, ‘ಏನೂ ಆಗಲ್ಲ ತಾನೆ?’ ಎಂಬ ಪ್ರಶ್ನೆಗೆ ರಾತ್ರಿ ಇಪ್ಪತ್ತು ಸಲ ‘ಏನೂ ಆಗಲ್ಲ’ ಅನ್ನುವುದು, ನಾಯಿ ಇದೆ ಎಂದು ಸುತ್ತು ಹಾದಿಯಲ್ಲಿ ಹೋಗುವುದು. ಇವೆಲ್ಲ ನಾವು ಭಯಕ್ಕೆ ಮಾಡಿಕೊಡುವ ಅನುಕೂಲಗಳು. ಪ್ರತಿಯೊಂದೂ ಪ್ರೀತಿಯಿಂದಲೇ ಶುರುವಾದದ್ದು.

ಇವು ಯಾಕೆ ತೊಂದರೆ ಎಂದರೆ, ಅನುಕೂಲ ಸಿಕ್ಕ ತಕ್ಷಣ ಮಗುವಿನ ದಿಗಿಲು ಇಳಿಯುತ್ತದೆ. ಮನಸ್ಸು ಅದನ್ನು ಹೀಗೆ ದಾಖಲಿಸಿಕೊಳ್ಳುತ್ತದೆ: ಅಮ್ಮ ಬಂದದ್ದರಿಂದ ಉಳಿದೆ. ಅಮ್ಮ ಬಾರದಿದ್ದರೂ ಏನೂ ಆಗುತ್ತಿರಲಿಲ್ಲ ಎಂಬುದನ್ನು ಕಲಿಯುವ ಅವಕಾಶವೇ ಸಿಗುವುದಿಲ್ಲ. ಮುಂದಿನ ಸಲ ಅಮ್ಮ ಬಾಗಿಲಿಗೆ ಇನ್ನೂ ಹತ್ತಿರ ನಿಲ್ಲಬೇಕಾಗುತ್ತದೆ.

ಒಂದು ಮಾತು ಇಲ್ಲಿ ಸ್ಪಷ್ಟವಾಗಲಿ. ನಮ್ಮ ಮನೆಗಳಲ್ಲಿ ಮಕ್ಕಳು ಅಪ್ಪ ಅಮ್ಮನ ಜೊತೆಗೋ ಅಜ್ಜಿಯ ಪಕ್ಕದಲ್ಲೋ ಮಲಗುವುದು ರೂಢಿ. ಅದು ರೋಗವಲ್ಲ, ಬಿಡಿಸಬೇಕಾದ ಚಟವೂ ಅಲ್ಲ. ಬೇರೆ ದೇಶದ ಪುಸ್ತಕ ಓದಿ ಆರು ವರ್ಷದ ಮಗುವನ್ನು ಬೇರೆ ಕೋಣೆಗೆ ಕಳಿಸಬೇಕಾಗಿಲ್ಲ. ಅಮ್ಮ ಒಂದು ರಾತ್ರಿ ಆಸ್ಪತ್ರೆಯಲ್ಲಿ ಉಳಿಯಬೇಕಾದಾಗ ಮಗು ಅಜ್ಜಿಯ ಜೊತೆಗೂ ಮಲಗಲಾರದೆ ಬೆಳಗಿನವರೆಗೆ ಅತ್ತರೆ, ಅದನ್ನು ಪಟ್ಟಿಗೆ ಸೇರಿಸಿ. ಮಗುವಿನ ದಿನಚರಿಗೆ, ಮನೆಯವರ ಕೆಲಸಕ್ಕೆ ಅಡ್ಡಿಯಾಗುತ್ತಿದೆಯೇ ಎಂಬುದಷ್ಟೇ ಅಳತೆ.

ಹಂತ 2: ಹೇಳುವ ಮಾತನ್ನು ಬದಲಿಸಿ

ಮೊದಲ ಎರಡು ವಾರ ಯಾವ ಅನುಕೂಲವನ್ನೂ ಕಿತ್ತುಕೊಳ್ಳಬೇಡಿ. ಮಾತನ್ನಷ್ಟೇ ತಿದ್ದಿಕೊಳ್ಳಿ. ಮಗು ಹೆದರಿದಾಗ ನಮ್ಮ ಬಾಯಿಂದ ಬರುವುದು ಎರಡೇ ಬಗೆಯ ಮಾತು. ಒಂದು, ‘ಅದಕ್ಕೆಲ್ಲ ಯಾರಾದ್ರೂ ಹೆದರ್ತಾರಾ? ನೋಡು ಚಿಕ್ಕಪ್ಪನ ಮಗ ಎಷ್ಟು ಧೈರ್ಯವಾಗಿದಾನೆ.’ ಇನ್ನೊಂದು, ‘ಅಯ್ಯೋ ಪಾಪ, ಬೇಡ ಬಿಡು, ನಾನೇ ಬರ್ತೀನಿ.’ ಮೊದಲನೆಯದರಲ್ಲಿ ಭಯಕ್ಕೆ ಬೆಲೆಯಿಲ್ಲ, ಎರಡನೆಯದರಲ್ಲಿ ಮಗುವಿನ ಮೇಲೆ ನಂಬಿಕೆಯಿಲ್ಲ. ಬೇಕಾದದ್ದು ಎರಡೂ ಇರುವ ಮಾತು:

‘ನಿಂಗೆ ಭಯ ಆಗ್ತಿದೆ ಅಂತ ನಂಗೊತ್ತು. ಭಯ ಇದ್ರೂ ನಿನ್ನ ಕೈಲಿ ಆಗುತ್ತೆ.’

‘ಎಲ್ರ ಮುಂದೆ ಮಾತಾಡೋದು ನಿಂಗೆ ಕಷ್ಟಾನೇ. ಆ ಕಷ್ಟ ತಡ್ಕೊಳ್ಳೋ ಶಕ್ತಿ ನಿಂಗಿದೆ.’

ಎರಡು ವಾಕ್ಯ, ಅಷ್ಟೇ. ನಡುವೆ ‘ಆದರೆ’ ಸೇರಿಸಬೇಡಿ. ‘ಭಯ ಆಗುತ್ತೆ ಗೊತ್ತು, ಆದ್ರೆ...’ ಅಂದಾಗ ಮಗುವಿಗೆ ಕೇಳಿಸುವುದು ‘ಆದ್ರೆ’ ಆದಮೇಲಿನದು ಮಾತ್ರ. ‘ಏನೂ ಆಗಲ್ಲ’ ಎಂಬ ಭರವಸೆಯನ್ನೂ ಕೈಬಿಡಿ. ಏನೂ ಆಗುವುದಿಲ್ಲ ಎಂದು ನೀವು ಖಾತ್ರಿ ಕೊಡಲಾರಿರಿ, ಅದು ಮಗುವಿಗೂ ಗೊತ್ತು. ಅದಕ್ಕೇ ಮತ್ತೆ ಮತ್ತೆ ಕೇಳುತ್ತದೆ. ಮೇಲಿನ ಆ ಎರಡು ವಾಕ್ಯಗಳನ್ನು ಫ್ರಿಡ್ಜಿನ ಬಾಗಿಲ ಮೇಲೆ ಬರೆದು ಅಂಟಿಸಿ, ಮನೆಯ ಎಲ್ಲರೂ ಅವನ್ನೇ ಹೇಳಲಿ. ಮೊದಲೆರಡು ದಿನ ಬಾಯಿಗೆ ಕೃತಕ ಅನಿಸುತ್ತದೆ. ಆಮೇಲೆ ಹೋಗುತ್ತದೆ.

ಇದೇ ಹೊತ್ತಿಗೆ ಹೆದರಿಸಿ ಕೆಲಸ ಮಾಡಿಸುವುದು ಮನೆಯಲ್ಲಿ ಪೂರ್ತಿ ನಿಲ್ಲಬೇಕು. ಗುಮ್ಮ ಬರ್ತಾನೆ, ಪೊಲೀಸ್ ಹಿಡ್ಕೊಂಡು ಹೋಗ್ತಾನೆ, ಡಾಕ್ಟರ್ ಹತ್ರ ಸೂಜಿ ಚುಚ್ಚಿಸ್ತೀನಿ. ಆತಂಕವಿರುವ ಮಗು ಇಂಥ ಮಾತನ್ನು ತಮಾಷೆಯೆಂದು ತೆಗೆದುಕೊಳ್ಳುವುದಿಲ್ಲ. ‘ಪುಕ್ಕಲ’ ಎಂಬ ಹೆಸರೂ ಬೇಡ.

ಹಂತ 3: ಒಂದೇ ಒಂದನ್ನು ಆರಿಸಿಕೊಳ್ಳಿ

ಪಟ್ಟಿಯಲ್ಲಿ ಹತ್ತು ಹದಿನೈದು ಅನುಕೂಲಗಳಿರುತ್ತವೆ. ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಲು ಹೋದವರು ಮೂರನೇ ದಿನಕ್ಕೆ ಕೈಚೆಲ್ಲುತ್ತಾರೆ. ಆರಿಸುವಾಗ ಮೂರನ್ನು ನೋಡಿ: ಅದು ದಿನವೂ ನಡೆಯುವಂಥದ್ದಾಗಿರಬೇಕು, ಅಭ್ಯಾಸಕ್ಕೆ ಅವಕಾಶ ಸಿಗುವಂತೆ. ಅದು ನಿಮ್ಮ ಕೈಯಲ್ಲಿರಬೇಕು, ಮಗುವಿನ ಕೈಯಲ್ಲಲ್ಲ. ಮತ್ತು ಅದು ಪಟ್ಟಿಯಲ್ಲೇ ಅತಿ ಕಷ್ಟದ್ದಾಗಿರಬಾರದು.

ಎರಡನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ‘ಇನ್ನು ಮೇಲೆ ನೀನು ಒಬ್ಬಳೇ ಬಚ್ಚಲಿಗೆ ಹೋಗಬೇಕು’ ಎಂಬುದು ಮಗು ಮಾಡಬೇಕಾದ ಕೆಲಸ. ಅವಳು ಒಲ್ಲೆ ಅಂದರೆ ಅಲ್ಲಿಗೆ ಜಗಳ. ‘ನಾನು ಬಾಗಿಲ ತನಕ ಬಂದು ಅಡುಗೆಮನೆಗೆ ವಾಪಸ್ ಹೋಗ್ತೀನಿ’ ಎಂಬುದು ನೀವು ಮಾಡುವ ಕೆಲಸ. ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ಥೆರಪಿಗೆ ಬರಲು ಒಪ್ಪದ, ‘ನಂಗೇನೂ ಆಗಿಲ್ಲ’ ಎಂದು ಹಟ ಹಿಡಿದ ಮಕ್ಕಳ ಮನೆಗಳಲ್ಲೂ ಈ ದಾರಿ ಕೆಲಸ ಮಾಡುವುದು ಇದೇ ಕಾರಣಕ್ಕೆ.

ಆಯ್ಕೆಯಾದ ಮೇಲೆ ಮಗುವಿಗೆ ಮುಂಚಿತವಾಗಿ ತಿಳಿಸಿ. ಅಳುತ್ತಿರುವಾಗ ಬೇಡ, ಮಲಗುವ ಹೊತ್ತಿಗೂ ಬೇಡ. ಭಾನುವಾರ ಬೆಳಿಗ್ಗೆ ತಿಂಡಿ ಆದಮೇಲೆ, ಟಿವಿ ಆರಿಸಿ, ಇಬ್ಬರೂ ಕೂತು ಎರಡು ನಿಮಿಷದಲ್ಲಿ ಹೇಳಿ ಮುಗಿಸಿ. ಓದಲು ಬರುವ ಮಗುವಾದರೆ ಚೀಟಿಯಲ್ಲಿ ಬರೆದು ಕೊಡುವುದು ಇನ್ನೂ ಉತ್ತಮ:

‘ಪುಟ್ಟಿ, ಇಷ್ಟು ದಿನ ನೀನು ಬಚ್ಚಲಿಗೆ ಹೋದಾಗೆಲ್ಲ ನಾನು ಬಾಗಿಲಲ್ಲಿ ನಿಲ್ತಿದ್ದೆ. ನಿಂಗೆ ಸಹಾಯ ಆಗ್ತಿದೆ ಅಂದ್ಕೊಂಡಿದ್ದೆ. ಅದರಿಂದ ನಿನ್ನ ಭಯ ಕಡಿಮೆ ಆಗ್ತಾ ಇಲ್ಲ ಅಂತ ಈಗ ಗೊತ್ತಾಗಿದೆ. ನಾಳೆಯಿಂದ ನಿನ್ನ ಜೊತೆ ಬಾಗಿಲ ತನಕ ಬಂದು, ಲೈಟ್ ಹಾಕಿ, ಅಡುಗೆಮನೆಗೆ ಹೋಗ್ತೀನಿ. ನೀನು ಕರೆದ್ರೆ ಒಂದು ಸಲ ಉತ್ತರ ಕೊಡ್ತೀನಿ. ಮೊದಮೊದಲು ನಿಂಗೆ ಕಷ್ಟ ಆಗುತ್ತೆ. ನಿನ್ನ ಕೈಲಿ ಆಗುತ್ತೆ ಅಂತ ನಂಗೆ, ಅಪ್ಪಂಗೆ ಇಬ್ರಿಗೂ ಗೊತ್ತು.’

ಮಗು ಚೀಟಿಯನ್ನು ಹರಿದು ಎಸೆಯಬಹುದು. ವಾದಕ್ಕೆ ಇಳಿಯಬೇಡಿ. ಇನ್ನೊಂದು ಪ್ರತಿ ಇಟ್ಟುಕೊಂಡಿರಿ.

ಹಂತ 4: ಮೆಟ್ಟಿಲು ಕಟ್ಟುವುದು

ಮಗು ಜೊತೆಗೂಡಲು ಒಪ್ಪಿದರೆ ಥೆರಪಿಸ್ಟ್ ಸಹಾಯದಿಂದ ಭಯದ ಮೆಟ್ಟಿಲುಗಳನ್ನು ಕಟ್ಟಬಹುದು. ಪ್ರತಿ ಮೆಟ್ಟಿಲಿಗೂ ಭಯ ಎಷ್ಟೆಂದು 0ಯಿಂದ 10ರವರೆಗೆ ಅಂಕ ಕೊಡುವವಳು ಮಗು. ನಿಮ್ಮ ಊಹೆ ಲೆಕ್ಕಕ್ಕಿಲ್ಲ. ಮೇಲಿನ ಹುಡುಗಿಯ ಮೆಟ್ಟಿಲುಗಳು ಹೀಗಿರಬಹುದು:

1. ಬಾಗಿಲು ತೆರೆದಿದೆ, ಅಮ್ಮ ಹೊರಗೆ ನಿಂತಿದ್ದಾಳೆ, ಮಾತಿಲ್ಲ: ಅಂಕ 2.
2. ಬಾಗಿಲು ಮುಚ್ಚಿದೆ, ಚಿಲಕ ಹಾಕಿಲ್ಲ, ಅಮ್ಮ ಹೊರಗೆ: 3.
3. ಅಮ್ಮ ಐದು ಹೆಜ್ಜೆ ದೂರದಲ್ಲಿ, ಹಜಾರದಲ್ಲಿ: 4.
4. ಅಮ್ಮ ಅಡುಗೆಮನೆಯಲ್ಲಿ, ಪಾತ್ರೆಯ ಸದ್ದು ಕೇಳಿಸುತ್ತದೆ: 5.
5. ಅಮ್ಮ ಅಡುಗೆಮನೆಯಲ್ಲಿ, ಸದ್ದಿಲ್ಲ: 7.
6. ಸಂಜೆ ಕತ್ತಲಾದ ಮೇಲೆ ಇದೇ: 8.
7. ಅಮ್ಮ ಪಕ್ಕದ ಮನೆಗೆ ಹೋಗಿದ್ದಾಳೆ, ಮನೆಯಲ್ಲಿ ಅಜ್ಜಿ ಇದ್ದಾರೆ: 9.

ನಾಲ್ಕಕ್ಕೂ ಐದಕ್ಕೂ ನಡುವೆ ಅಂಕ ಎರಡು ಜಿಗಿದಿರುವುದನ್ನು ಗಮನಿಸಿ. ಕಾಣದ ಅಮ್ಮನನ್ನು ಅವಳು ಸದ್ದಿನಿಂದ ಹಿಡಿದಿಟ್ಟುಕೊಂಡಿದ್ದಾಳೆ. ಇಂಥ ಕಡೆಯೇ ಮಕ್ಕಳು ಸಿಕ್ಕಿಬೀಳುವುದು. ಅಲ್ಲಿಗೆ ಇನ್ನೊಂದು ಮೆಟ್ಟಿಲು ಸೇರಿಸಿ: ಮೊದಲ ಒಂದು ನಿಮಿಷ ಸದ್ದು, ಆಮೇಲೆ ಮೌನ.

ದಿನಕ್ಕೆ ಒಂದೆರಡು ಸಲ, ವಾರಕ್ಕೆ ಕನಿಷ್ಠ ಐದು ದಿನ ಅಭ್ಯಾಸ ಬೇಕು. ಒಂದೇ ಮೆಟ್ಟಿಲಲ್ಲಿ ಎರಡು ಮೂರು ದಿನ ಸತತವಾಗಿ ಅಂಕ ಮೊದಲಿನ ಅರ್ಧಕ್ಕೆ ಇಳಿದರೆ ಮುಂದಿನದಕ್ಕೆ ಹೋಗಿ. ಶುರು ಮಾಡುವ ಮುನ್ನ ಒಂದು ಪ್ರಶ್ನೆ: ‘ಏನಾಗುತ್ತೆ ಅನ್ಸ್ತಿದೆ?’ ಮುಗಿದ ಮೇಲೆ ಇನ್ನೊಂದು: ‘ಏನಾಯ್ತು?’ ಭಯ ಪೂರ್ತಿ ಇಳಿಯದಿದ್ದರೂ ಚಿಂತೆಯಿಲ್ಲ. ತಾನು ಎಣಿಸಿದ್ದು ನಡೆಯಲಿಲ್ಲ ಎಂಬುದನ್ನು ಮಗು ಸ್ವತಃ ಗಮನಿಸುವುದೇ ಇಲ್ಲಿನ ಪಾಠ. ಆ ಪಾಠವನ್ನು ನೀವು ವಿವರಿಸಲು ಹೋಗಬೇಡಿ. ಅಭ್ಯಾಸದ ಹೊತ್ತಿನಲ್ಲಿ ‘ಉಸಿರು ಎಳ್ಕೋ, ದೇವರನ್ನ ನೆನೆಸ್ಕೋ, ಏನೂ ಇಲ್ಲ ನೋಡು’ ಎಂದು ಸತತವಾಗಿ ಮಾತಾಡುವ ಅಮ್ಮನ ದನಿ ಕೂಡ ಒಂದು ಊರುಗೋಲಾಗುತ್ತದೆ.

ಬಹುಮಾನ ಚಿಕ್ಕದಿರಲಿ, ಅದೇ ದಿನ ಸಿಗಲಿ, ಪ್ರಯತ್ನಕ್ಕೆ ಸಿಗಲಿ. ರಾತ್ರಿಗೆ ಇನ್ನೊಂದು ಕತೆ, ಸಂಜೆ ಅಪ್ಪನ ಜೊತೆ ಹತ್ತು ನಿಮಿಷ ಶಟಲ್ ಆಟ. ‘ಪೂರ್ತಿ ಗುಣವಾದ್ರೆ ಸೈಕಲ್’ ಎಂಬ ಮಾತು ಏಳು ವರ್ಷದ ಮಗುವಿಗೆ ಮುಂದಿನ ಜನ್ಮದ ಮಾತು. ಕೊಟ್ಟದ್ದನ್ನು ಬೇರೆ ತಪ್ಪಿಗೆ ಕಿತ್ತುಕೊಳ್ಳಲೂ ಬೇಡಿ.

ಎಲ್ಲಿ ಕೆಡುತ್ತದೆ?

ಅನುಕೂಲ ನಿಂತ ಮೊದಲ ವಾರ ಅಳು, ಕೋಪ, ಕೂಗಾಟ ಮೊದಲಿಗಿಂತ ಹೆಚ್ಚಾಗುವುದು ಸಾಮಾನ್ಯ. ಇಷ್ಟು ದಿನ ಕರೆದಾಗ ಬರುತ್ತಿದ್ದ ಅಮ್ಮ ಬರದಿದ್ದರೆ ಮಗು ಇನ್ನೂ ಜೋರಾಗಿ ಕರೆಯುತ್ತದೆ. ಹೆಚ್ಚಿನ ಮನೆಗಳಲ್ಲಿ ಯೋಜನೆ ಮುರಿಯುವುದು ಇಲ್ಲೇ. ಇಪ್ಪತ್ತು ನಿಮಿಷ ತಡೆದು ಆಮೇಲೆ ಸೋತರೆ ಅದು ತಡೆಯದೇ ಇರುವುದಕ್ಕಿಂತ ಕೆಟ್ಟದ್ದು. ಇಪ್ಪತ್ತು ನಿಮಿಷ ಅತ್ತರೆ ಅಮ್ಮ ಬರುತ್ತಾಳೆ ಎಂದು ಮಗು ಕಲಿಯಿತು. ಆದ್ದರಿಂದ, ಕೊನೆತನಕ ನಿಭಾಯಿಸಲು ಆಗುವಷ್ಟು ಸಣ್ಣ ಬದಲಾವಣೆಯನ್ನೇ ಆರಿಸಿ. ಮನೆಗೆ ನೆಂಟರು ಬರುವ ವಾರ, ಪರೀಕ್ಷೆಯ ವಾರ, ಮಗುವಿಗೆ ಜ್ವರ ಬಂದಿರುವಾಗ ಶುರು ಮಾಡಬೇಡಿ. ಪಕ್ಕದ ಮನೆಯವರಿಗೆ ‘ನಾಲ್ಕೈದು ದಿನ ಸ್ವಲ್ಪ ಅಳು ಕೇಳಿಸಬಹುದು’ ಎಂದು ಮುಂಚೆಯೇ ಹೇಳಿಟ್ಟರೆ ‘ನಾಲ್ಕು ಜನ ಏನಂತಾರೋ’ ಎಂಬ ಅಳುಕು ಅರ್ಧ ಕಡಿಮೆಯಾಗುತ್ತದೆ.

ಮಗು ಹೊಡೆಯುವುದು, ವಸ್ತು ಒಡೆಯುವುದು, ತನಗೆ ತಾನೇ ನೋವು ಮಾಡಿಕೊಳ್ಳುವ ಮಾತಾಡುವುದು ಕಂಡರೆ ಅಲ್ಲಿಗೆ ನಿಲ್ಲಿಸಿ, ಅದೇ ದಿನ ಥೆರಪಿಸ್ಟ್‌ಗೆ ತಿಳಿಸಿ. ‘ಸತ್ತು ಹೋಗ್ತೀನಿ’ ಎಂಬ ಮಾತನ್ನು ನಾಟಕವೆಂದು ತಳ್ಳಿಹಾಕಬೇಡಿ. ಮಗುವನ್ನು ಒಬ್ಬಳನ್ನೇ ಬಿಡದೆ, ಮಾತ್ರೆ, ಕೀಟನಾಶಕದಂಥವನ್ನು ಕೈಗೆ ಸಿಗದಂತೆ ಬೀಗ ಹಾಕಿ, 14416ಕ್ಕೆ ಕರೆ ಮಾಡಿ ಅಥವಾ ನೇರ ಆಸ್ಪತ್ರೆಗೆ ಹೋಗಿ.

ಎರಡನೆಯ ಬಿರುಕು ದೊಡ್ಡವರ ನಡುವೆಯೇ ಇರುತ್ತದೆ. ಅಪ್ಪ ಗದರುತ್ತಾನೆ, ಅದನ್ನು ಸರಿದೂಗಿಸಲು ಅಮ್ಮ ಇನ್ನಷ್ಟು ಮೃದುವಾಗುತ್ತಾಳೆ, ಅದನ್ನು ಕಂಡು ಅಪ್ಪ ಇನ್ನಷ್ಟು ಗದರುತ್ತಾನೆ. ಇಬ್ಬರೂ ಒಪ್ಪುವ ಒಂದು ಸಣ್ಣ ಬದಲಾವಣೆ, ಒಬ್ಬರೇ ಒಪ್ಪಿದ ದೊಡ್ಡ ಯೋಜನೆಗಿಂತ ಮೇಲು. ಮಗುವಿನ ಮುಂದೆ ಒಬ್ಬರನ್ನೊಬ್ಬರು ತಿದ್ದಬೇಡಿ, ರಾತ್ರಿ ಮಗು ಮಲಗಿದ ಮೇಲೆ ಮಾತಾಡಿ.

ಅಜ್ಜಿ ತಾತ ಇರುವ ಮನೆಯಲ್ಲಿ ಅವರನ್ನು ಬಿಟ್ಟು ಯಾವ ಯೋಜನೆಯೂ ನಡೆಯುವುದಿಲ್ಲ. ‘ನೀವು ಮುದ್ದು ಮಾಡಿ ಕೆಡಿಸ್ತೀರಿ’ ಎಂದು ಶುರು ಮಾಡಿದರೆ ಮುಗಿಯಿತು. ಅವರಿಗೆ ಒಂದು ಕೆಲಸ ಕೊಡಿ. ಮಗು ಒಂದು ಮೆಟ್ಟಿಲು ಹತ್ತಿದ ದಿನ ಅಜ್ಜಿ ಕರೆದು ‘ಇವತ್ತು ನೀನು ಕಷ್ಟಪಟ್ಟು ಮಾಡಿದ್ಯಂತೆ, ಕೇಳಿ ಖುಷಿಯಾಯ್ತು’ ಅನ್ನಲಿ. ಆ ಮಾತಿಗೆ ಅಪ್ಪ ಅಮ್ಮನ ಮೆಚ್ಚುಗೆಗಿಂತ ತೂಕ ಹೆಚ್ಚು. ಸಾಧ್ಯವಾದರೆ ಒಂದು ಸೆಷನ್‌ಗೆ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ದೃಷ್ಟಿ ತೆಗೆಯುವುದು, ತಾಯತ ಕಟ್ಟಿಸುವುದು, ಮನೆದೇವರಿಗೆ ಹರಕೆ ಹೊರುವುದನ್ನು ವಿರೋಧಿಸುವ ಅಗತ್ಯ ಥೆರಪಿಗಿಲ್ಲ. ತಾಯತ ಕೊರಳಲ್ಲಿದ್ದರೆ ಮಾತ್ರ ಶಾಲೆಗೆ ಹೋಗುತ್ತೇನೆ ಎಂಬ ಹಂತಕ್ಕೆ ಮಗು ಬಂದರೆ, ಅದನ್ನೂ ಅನುಕೂಲಗಳ ಪಟ್ಟಿಗೆ ಬರೆದು ಥೆರಪಿಸ್ಟ್ ಜೊತೆ ಮಾತಾಡಿ.

ನಿಮಗೇ ಆತಂಕವಿದ್ದರೆ ಮುಚ್ಚಿಡಬೇಡಿ. ಮಗುವಿನ ಅಳು ಕೇಳಿದ ಕೂಡಲೇ ನಿಮ್ಮ ಎದೆ ಬಡಿದುಕೊಳ್ಳುತ್ತಿದ್ದರೆ ಸುಮ್ಮನಿರುವುದು ನಿಮಗೆ ದುಪ್ಪಟ್ಟು ಕಷ್ಟ. ಮಗು ಅಳುವ ಆ ಹೊತ್ತಿನಲ್ಲಿ ಮನೆಯ ಇನ್ನೊಬ್ಬರು ನಿಂತುಕೊಳ್ಳಲಿ, ನಿಮಗೂ ಒಬ್ಬ ಥೆರಪಿಸ್ಟ್ ಬೇಕಾದರೆ ಪಡೆಯಿರಿ.

ಶಾಲೆಗೆ ಹೋಗಲೊಲ್ಲದ ಮಗು

ಇದಕ್ಕೆ ಅವಸರ ಬೇಕು. ದಸರಾ ರಜೆಯ ನಂತರವೋ ಜ್ವರ ಬಂದು ಹೋದ ಮೇಲೋ ಶುರುವಾಗುವ ಈ ತೊಂದರೆಯಲ್ಲಿ ಮನೆಯಲ್ಲಿ ಉಳಿದ ಪ್ರತಿ ದಿನವೂ ಮರಳುವುದನ್ನು ಕಷ್ಟ ಮಾಡುತ್ತದೆ. ‘ಎರಡು ವಾರ ಬಿಡಿ, ಸರಿಹೋಗ್ತಾನೆ’ ಎಂಬ ಸಲಹೆ ಒಳ್ಳೆಯ ಮನಸ್ಸಿನಿಂದ ಬಂದರೂ ಕೇಳಬೇಡಿ.

ಕ್ಲಾಸ್ ಟೀಚರ್ ಮತ್ತು ಹೆಡ್‌ಮಾಸ್ಟರನ್ನು ಕಂಡು ನಾಲ್ಕು ವಿಷಯ ಒಪ್ಪಿಸಿಕೊಳ್ಳಿ. ಬೆಳಿಗ್ಗೆ ಗೇಟಿನಲ್ಲಿ ಮಗುವನ್ನು ಬರಮಾಡಿಕೊಳ್ಳುವ ಟೀಚರ್ ದಿನವೂ ಒಬ್ಬರೇ ಆಗಿರಬೇಕು. ನೀವು ಟಾಟಾ ಹೇಳಿ ಒಂದು ನಿಮಿಷದೊಳಗೆ ಹೊರಡುತ್ತೀರಿ, ಕಾಂಪೌಂಡ್ ಆಚೆ ನಿಂತು ಇಣುಕುವುದಿಲ್ಲ. ಹೊಟ್ಟೆನೋವು ಅಂದರೆ ಹತ್ತು ನಿಮಿಷ ಆಫೀಸಿನಲ್ಲಿ ಕೂತು ನೀರು ಕುಡಿದು ತರಗತಿಗೆ ಮರಳಬೇಕು. ಜ್ವರವೋ ವಾಂತಿಯೋ ಇದ್ದರೆ ಮಾತ್ರ ಮನೆಗೆ ಫೋನ್. ಮಗು ತಡವಾಗಿ ಬಂದರೆ ಎಲ್ಲರ ಮುಂದೆ ಕಾರಣ ಕೇಳದಿರುವುದನ್ನೂ ಟೀಚರ್‌ಗೆ ನೆನಪಿಸಿ. ತಿಂಗಳುಗಟ್ಟಲೆ ತಪ್ಪಿಸಿದ್ದರೆ ಎರಡು ಪೀರಿಯಡ್‌ನಿಂದ ಶುರು ಮಾಡಿ, ವಾರಕ್ಕೆ ಎರಡು ಪೀರಿಯಡ್ ಏರಿಸಿ. ಮಗುವಿಗೆ ಇಷ್ಟವಾದ ಪಾಠದ ಹೊತ್ತಿಗೆ ಹೋಗಿ ಗಂಟೆ ಹೊಡೆದಾಗ ಬರುವುದು ಒಳ್ಳೆಯದು. ಅಳು ಬಂದ ಕ್ಷಣಕ್ಕೆ ಕರೆತಂದರೆ ಮತ್ತೆ ಅಳುವೇ ಕೀಲಿಕೈ ಆಗುತ್ತದೆ.

ಹೋಗದೇ ಉಳಿದ ದಿನ ಮನೆ ಶಾಲೆಯಷ್ಟೇ ಬೇಸರವಾಗಿರಲಿ. ಬೆಳಿಗ್ಗೆಯಿಂದ ಶಾಲೆ ಬಿಡುವ ಹೊತ್ತಿನವರೆಗೆ ಟಿವಿ, ಮೊಬೈಲ್ ಇಲ್ಲ, ಪುಸ್ತಕ ಮತ್ತು ಊಟ ಮಾತ್ರ. ಇದು ಶಿಕ್ಷೆಯಲ್ಲ, ಸಿಟ್ಟಿನ ದನಿಯೂ ಬೇಡ.

ಮಾತ್ರೆಯ ಮಾತು ಬಂದಾಗ

ಆತಂಕ ತೀವ್ರವಾಗಿದ್ದರೆ ಮನೋವೈದ್ಯರು ಔಷಧ ಸೂಚಿಸಬಹುದು. 2008ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ 7ರಿಂದ 17 ವರ್ಷದ 488 ಮಕ್ಕಳನ್ನು 12 ವಾರ ಗಮನಿಸಿದರು. ಚೆನ್ನಾಗಿ ಸುಧಾರಿಸಿದವರು ಸಿಬಿಟಿ ಮಾತ್ರ ಪಡೆದವರಲ್ಲಿ ಸುಮಾರು ಶೇ 60, ಸರ್ಟ್ರಲಿನ್ ಎಂಬ ಮಾತ್ರೆ ಮಾತ್ರ ಪಡೆದವರಲ್ಲಿ ಶೇ 55, ಎರಡನ್ನೂ ಪಡೆದವರಲ್ಲಿ ಶೇ 81, ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ ಶೇ 24. ಈ ಮಾತ್ರೆಯ ಗುಣ ಕಾಣಲು ಕೆಲವು ವಾರ ಬೇಕು. ಶುರುವಿನ ವಾರಗಳಲ್ಲಿ ಚಡಪಡಿಕೆ, ನಿದ್ದೆಗೇಡು, ಸಾಯುವ ಮಾತು ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಮಗು ಚೆನ್ನಾಗಿದೆ ಎಂದು ನೀವೇ ನಿಲ್ಲಿಸಬೇಡಿ. ಇಳಿಸುವುದಕ್ಕೂ ಕ್ರಮವಿದೆ.

ಥೆರಪಿ ಮುಗಿಯುವ ಹೊತ್ತಿಗೆ

ಸೆಷನ್‌ಗಳನ್ನು ಒಮ್ಮೆಗೇ ನಿಲ್ಲಿಸದೆ ಎರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಮಾಡಿಕೊಳ್ಳಿ. ಭಯ ಮರಳುವ ಹೊತ್ತುಗಳು ಬಹುಪಾಲು ಮುಂಚೆಯೇ ಗೊತ್ತಿರುವಂಥವು: ಶಾಲೆ ಮರಳಿ ತೆರೆಯುವಾಗ, ಮನೆ ಬದಲಿಸಿದಾಗ, ತಮ್ಮನೋ ತಂಗಿಯೋ ಹುಟ್ಟಿದಾಗ, ಮನೆಯಲ್ಲಿ ಸಾವಾದಾಗ. ಹಳೆಯ ನೋಟ್‌ಬುಕ್ ಎಸೆಯಬೇಡಿ. ನಿಂತುಹೋಗಿದ್ದ ಅನುಕೂಲವೊಂದು ಮತ್ತೆ ಮನೆಯೊಳಗೆ ಬಂದು ಎರಡು ವಾರ ಕಳೆದರೆ, ಅದೇ ಮೆಟ್ಟಿಲುಗಳಲ್ಲಿ ಎರಡು ಕೆಳಗಿಳಿದು ಶುರು ಮಾಡಿ. ಈ ಸಲ ಹಿಂದಿನಷ್ಟು ದಿನ ಹಿಡಿಯುವುದಿಲ್ಲ. ಬೇಸಿಗೆ ರಜೆ ಮುಗಿಯುವ ಮುನ್ನ, ಮೇ ಕೊನೆಯ ವಾರದಲ್ಲಿ, ಯೂನಿಫಾರ್ಮ್ ಹಾಕಿಸಿ ಬೆಳಗಿನ ಹೊತ್ತಿಗೆ ಶಾಲೆಯ ಗೇಟಿನ ತನಕ ಎರಡು ಮೂರು ದಿನ ನಡೆದು ಬನ್ನಿ. ಹೊಸ ತರಗತಿಯ ಟೀಚರ್ ಯಾರೆಂದು ತಿಳಿದರೆ ಅವರನ್ನು ಮುಂಚೆಯೇ ಕಂಡು, ಹಳೆಯ ಟೀಚರ್ ಜೊತೆ ಮಾಡಿಕೊಂಡಿದ್ದ ನಾಲ್ಕು ಒಪ್ಪಂದಗಳನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ.